ಅಸಲಿ ವೀಸಾ ಸಾಕೇ? ನಿಮ್ಮ ಕೆಲಸಕ್ಕೆ ಸರಿಯಾದ ವೀಸಾ ಆರಿಸುವುದು ಹೇಗೆ

ವಾಟ್ಸ್‌ಆ್ಯಪ್‌ಗೆ ಒಂದು ಪಿಡಿಎಫ್ ಬರುತ್ತದೆ. ಅರೇಬಿಕ್ ಮತ್ತು ಇಂಗ್ಲಿಷಿನಲ್ಲಿ ಒಂದೇ ಪುಟ, ಮೂಲೆಯಲ್ಲಿ ಮಗನ ಫೋಟೋ. ಸಂಜೆಯೊಳಗೆ 'ವೀಸಾ ಬಂತಂತೆ' ಎಂಬ ಸುದ್ದಿ ಎರ್ಮಾಳಿನಿಂದ ಉಚ್ಚಿಲ, ಪಡುಬಿದ್ರಿಯ ನೆಂಟರ ಮನೆಗಳಿಗೆ ಮುಟ್ಟಿರುತ್ತದೆ. ಬಜಪೆ ವಿಮಾನ ನಿಲ್ದಾಣದಿಂದ ಟಿಕೆಟ್ ಎಷ್ಟು, ಯಾವ ದಿನ ಒಳ್ಳೆಯದು ಎಂಬ ಮಾತು ಶುರುವಾಗುತ್ತದೆ. ಸ್ವಲ್ಪ ಜಾಗರೂಕರಾದ ಮನೆಯವರು ಗಲ್ಫಿನಲ್ಲಿರುವ ಪರಿಚಯದವರಿಗೆ ಅದನ್ನು ಕಳಿಸಿ 'ಇದು ಅಸಲಿಯೋ ನಕಲಿಯೋ ನೋಡಿ ಹೇಳಿ' ಎನ್ನುತ್ತಾರೆ. ಅಸಲಿ ಎಂದು ಉತ್ತರ ಬಂದರೆ ಎಲ್ಲರಿಗೂ ಸಮಾಧಾನ.

ಅಲ್ಲಿಗೇ ನಿಲ್ಲಬೇಡಿ ಎಂದು ಹೇಳುವುದಕ್ಕಾಗಿಯೇ ಈ ಲೇಖನ. ನಕಲಿ ವೀಸಾ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತದೆ. ಹಣ ಹೋದರೂ ಮಗ ಮನೆಗೆ ಮರಳುತ್ತಾನೆ. ನಿಜವಾದ ತೊಂದರೆ ಕೊಡುವುದು ಅಸಲಿಯಾಗಿದ್ದೂ ತಪ್ಪಾಗಿರುವ ವೀಸಾ. ಅದು ಬಜಪೆಯನ್ನೂ ದಾಟಿಸುತ್ತದೆ, ದುಬೈಯನ್ನೂ ದಾಟಿಸುತ್ತದೆ. ಕೆಲಸಕ್ಕೆ ಸೇರಿ ಎರಡು ತಿಂಗಳಾದ ಮೇಲೆ ಸಂಬಳ ಬಾರದಿದ್ದಾಗ, ಕೈಗೆ ಗಾಯವಾಗಿ ಆಸ್ಪತ್ರೆಗೆ ಹೋದಾಗ ಅಥವಾ ಊರಿಗೆ ಮರಳಬೇಕೆಂದಾಗ ಮಾತ್ರ ಅದರ ದೋಷ ಗೊತ್ತಾಗುತ್ತದೆ. ಅಷ್ಟರಲ್ಲಿ ನೀವು ಆ ದೇಶದ ಕಾನೂನಿನ ಕಣ್ಣಿನಲ್ಲಿ ತಪ್ಪು ಮಾಡಿದವರು. ದೂರು ಕೊಡಲೂ ಹೆದರಿಕೆ.

ನಮ್ಮ ಕರಾವಳಿಯವರಿಗೆ ಹೊರಗೆ ಹೋಗಿ ದುಡಿಯುವುದು ಹೊಸದಲ್ಲ. ಮೊದಲು ಮುಂಬೈ ಹೋಟೆಲುಗಳು, 1970ರ ದಶಕದಲ್ಲಿ ತೈಲದ ಬೆಲೆ ಏರಿದ ಮೇಲೆ ಗಲ್ಫ್, ಈಚೆಗೆ ಮಣಿಪಾಲದಲ್ಲಿ ಓದಿದವರಿಗೆ ಜರ್ಮನಿ, ಕೆನಡಾ. ಮೊದಲಿನವರು ಮಾವನ ಹಿಂದೆ, ಅಣ್ಣನ ಹಿಂದೆ ಹೋದರು. ಕಾಗದಪತ್ರ ನೋಡಿಕೊಳ್ಳಲು ಅಲ್ಲೊಬ್ಬರು ಇರುತ್ತಿದ್ದರು. ಈಗ ಹೋಗುವವರಲ್ಲಿ ಹೆಚ್ಚಿನವರಿಗೆ ಕರೆಸಿಕೊಳ್ಳುವ ವ್ಯಕ್ತಿಯ ಮುಖವೇ ಗೊತ್ತಿರುವುದಿಲ್ಲ.

ವೀಸಾ ಹೇಳುವುದು ಏನನ್ನು?

ವೀಸಾ ಎಂದರೆ ಗಡಿ ದಾಟುವ ಅನುಮತಿ ಎಂದಷ್ಟೇ ತಿಳಿದರೆ ಎಲ್ಲ ವೀಸಾಗಳೂ ಒಂದೇ ಥರ ಕಾಣುತ್ತವೆ. ಆಗ ಬೇಗ ಸಿಗುವುದು, ಅಗ್ಗವಾದದ್ದು ಯಾವುದೋ ಅದೇ ಒಳ್ಳೆಯದೆನಿಸುತ್ತದೆ. ಆದರೆ ವೀಸಾ ಹೇಳುವುದು ಮೂರು ವಿಷಯಗಳನ್ನು: ನೀವು ಅಲ್ಲಿ ಏನು ಮಾಡಲು ಬಂದಿದ್ದೀರಿ, ನಿಮ್ಮ ಹೊಣೆ ಯಾರದು, ಯಾವಾಗ ಹೊರಡಬೇಕು.

ಎರಡನೆಯದು ಎಲ್ಲಕ್ಕಿಂತ ಮುಖ್ಯ. ಉದ್ಯೋಗ ವೀಸಾದಲ್ಲಿ ನಿಮ್ಮ ಹೊಣೆ ಕಂಪನಿಯದು. ಸಂಬಳ, ಆರೋಗ್ಯ ವಿಮೆ, ಕೆಲಸ ಮುಗಿದಾಗ ಮರಳುವ ಟಿಕೆಟ್‌ಗಳನ್ನು ಕೇಳಲು ನಿಮಗೆ ಒಂದು ಒಪ್ಪಂದ ಇರುತ್ತದೆ, ಆ ಒಪ್ಪಂದದ ಪ್ರತಿ ಅಲ್ಲಿನ ಕಾರ್ಮಿಕ ಇಲಾಖೆಯಲ್ಲಿ ಇರುತ್ತದೆ. ವಿಸಿಟ್ ವೀಸಾದಲ್ಲಿ ನೀವು ಅತಿಥಿ. ಅತಿಥಿಗೆ ಸಂಬಳ ಬಾಕಿ ಇರಲು ಸಾಧ್ಯವಿಲ್ಲ. ಹಾಗಾಗಿ ವಿಸಿಟ್‌ನಲ್ಲಿ ಹೋಗಿ ದುಡಿದವರು ಕಾರ್ಮಿಕ ಇಲಾಖೆಯ ಬಾಗಿಲಿಗೆ ಹೋದರೂ ಅವರ ಹೆಸರಿನ ಕಡತವೇ ಅಲ್ಲಿ ಇರುವುದಿಲ್ಲ.

ಆದ್ದರಿಂದ ವೀಸಾ ಆರಿಸುವಾಗ ಎಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಅಲ್ಲಿ ಇಳಿದ ಮೇಲೆ ಬೆಳಗಿನಿಂದ ಸಂಜೆಯವರೆಗೆ ನಿಜವಾಗಿ ಏನು ಮಾಡುತ್ತೀರಿ ಎಂದು ಒಂದು ಸಾಲಿನಲ್ಲಿ ಬರೆಯಿರಿ. 'ಸೂಪರ್ ಮಾರ್ಕೆಟ್‌ನಲ್ಲಿ ಸೇಲ್ಸ್‌ಮ್ಯಾನ್', 'ಎಂ.ಎಸ್. ಓದು', 'ಮಗಳ ಬಾಣಂತನ'. ಆ ಸಾಲಿಗೂ ವೀಸಾದ ಮೇಲಿನ ಸಾಲಿಗೂ ಹೊಂದಿಕೆ ಆಗದಿದ್ದರೆ ಅದು ನಿಮ್ಮ ವೀಸಾ ಅಲ್ಲ.

ವೀಸಾ ಪುಟವನ್ನು ಓದುವ ಕ್ರಮ

ಇಂಗ್ಲಿಷ್ ಅಷ್ಟಾಗಿ ಬಾರದವರೂ ಹೈಸ್ಕೂಲಿನಲ್ಲಿ ಓದುವ ಮಕ್ಕಳನ್ನು ಕೂರಿಸಿಕೊಂಡು ಇದನ್ನು ಓದಬಹುದು.

1. ವೀಸಾದ ಬಗೆ. ಟೂರಿಸ್ಟ್, ವಿಸಿಟ್, ಎಂಪ್ಲಾಯ್‌ಮೆಂಟ್, ವರ್ಕ್, ಸ್ಟೂಡೆಂಟ್, ಡೊಮೆಸ್ಟಿಕ್ ವರ್ಕರ್: ಇವುಗಳಲ್ಲಿ ಯಾವ ಪದ ಇದೆ? 'ಅಲ್ಲಿ ಹೋದ ಮೇಲೆ ಚೇಂಜ್ ಮಾಡಿಸುತ್ತೇವೆ' ಎಂಬ ಬಾಯಿಮಾತು ಈ ಪದವನ್ನು ಬದಲಿಸುವುದಿಲ್ಲ.

2. ವೃತ್ತಿ. ಉದ್ಯೋಗ ವೀಸಾದಲ್ಲಿ ನಿಮ್ಮ ಕೆಲಸದ ಹೆಸರು ಇರುತ್ತದೆ. ಎಲೆಕ್ಟ್ರಿಷಿಯನ್ ಕೆಲಸ ಎಂದು ಹೇಳಿ ವೀಸಾದಲ್ಲಿ 'ಲೇಬರ್' ಎಂದು ಬರೆದಿದ್ದರೆ ಸಂಬಳವೂ, ಮುಂದೆ ಕಂಪನಿ ಬದಲಿಸುವ ದಾರಿಯೂ, ಕುಟುಂಬವನ್ನು ಕರೆಸುವ ಅರ್ಹತೆಯೂ ಅದೇ ಪದದ ಮೇಲೆ ನಿಂತಿರುತ್ತವೆ.

3. ಪ್ರಾಯೋಜಕರು, ಗಲ್ಫಿನವರ ಮಾತಿನಲ್ಲಿ ಕಫೀಲ್. ನಿಮಗೆ ಆಫರ್ ಲೆಟರ್ ಕೊಟ್ಟ ಕಂಪನಿಯ ಹೆಸರೇ ಇಲ್ಲಿ ಇರಬೇಕು. ಬೇರೆ ಯಾವುದೋ ಟ್ರೇಡಿಂಗ್ ಕಂಪನಿಯದೋ ಒಬ್ಬ ವ್ಯಕ್ತಿಯದೋ ಹೆಸರಿದ್ದರೆ ನಿಲ್ಲಿಸಿ, ಕೇಳಿ.

4. ಎರಡು ಬೇರೆ ಬೇರೆ ಅವಧಿಗಳು. ಹೆಚ್ಚು ಜನ ಎಡವುವುದು ಇಲ್ಲಿ. 'ಈ ದಿನಾಂಕದವರೆಗೆ ಸಿಂಧು' ಎಂದರೆ ಆ ದಿನದೊಳಗೆ ದೇಶದ ಒಳಗೆ ಕಾಲಿಡಬೇಕು ಎಂದರ್ಥ. 'ಉಳಿಯುವ ಅವಧಿ' ಎಂದರೆ ಕಾಲಿಟ್ಟ ದಿನದಿಂದ ಎಷ್ಟು ದಿನ ಇರಬಹುದು ಎಂಬುದು. ವೀಸಾ ಎರಡು ತಿಂಗಳು ಸಿಂಧುವಾಗಿದ್ದು, ಉಳಿಯಲು ಸಿಗುವುದು 30 ದಿನ ಮಾತ್ರ ಎಂದಿರಬಹುದು. ಯುಎಇಯಲ್ಲಿ ಅವಧಿ ಮೀರಿದ ಪ್ರತಿ ದಿನಕ್ಕೆ 50 ದಿರ್ಹಂ ದಂಡ.

5. ಎಷ್ಟು ಬಾರಿ ಪ್ರವೇಶ. ಸಿಂಗಲ್ ಎಂಟ್ರಿ ಇದ್ದರೆ ಒಮ್ಮೆ ಹೊರಬಂದರೆ ಮುಗಿಯಿತು.

6. ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ. ಒಂದೊಂದೇ ಅಕ್ಷರ ತಾಳೆ ನೋಡಿ.

ಹೆಸರಿನ ವಿಷಯದಲ್ಲಿ ನಮ್ಮವರು ಗಮನಿಸಬೇಕಾದ ಇನ್ನೊಂದು ಮಾತಿದೆ. ನಮ್ಮಲ್ಲಿ ಹಲವರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುತ್ತದೆ, ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರ್‌ನಿಂದ ಯುಎಇ ಇಂಥ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಕೊಡುವುದನ್ನು ಬಿಗಿ ಮಾಡಿದೆ. ಪಾಸ್‌ಪೋರ್ಟ್ ಹೊಸದಾಗಿ ಮಾಡಿಸುವವರು, ನವೀಕರಿಸುವವರು ಕುಟುಂಬದ ಹೆಸರನ್ನೋ ತಂದೆಯ ಹೆಸರನ್ನೋ ಸರ್‌ನೇಮ್ ಜಾಗದಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದು. ಆದರೆ ಆಧಾರ್, ಅಂಕಪಟ್ಟಿ, ಪಾಸ್‌ಪೋರ್ಟ್ ಮೂರರಲ್ಲಿ ಮೂರು ಥರ ಹೆಸರಾಗದಂತೆ ನೋಡಿಕೊಳ್ಳಿ. ಮುಂದೆ ಸರ್ಟಿಫಿಕೇಟ್ ದೃಢೀಕರಣದ ಹೊತ್ತಿಗೆ ಅದೇ ದೊಡ್ಡ ತಲೆನೋವು.

ಓದಿದ ಮೇಲೆ ಪರಿಶೀಲನೆ. ದುಬೈ ವೀಸಾಗಳನ್ನು ಅಲ್ಲಿನ ಜಿಡಿಆರ್‌ಎಫ್‌ಎ ಜಾಲತಾಣದಲ್ಲಿ, ಅಬುಧಾಬಿ, ಶಾರ್ಜಾ ಮುಂತಾದ ಉಳಿದ ಎಮಿರೇಟ್‌ಗಳದ್ದನ್ನು ಐಸಿಪಿ ಜಾಲತಾಣದಲ್ಲಿ, ಸೌದಿಯದ್ದನ್ನು ಅಲ್ಲಿನ ವಿದೇಶಾಂಗ ಸಚಿವಾಲಯದ ವೀಸಾ ತಾಣದಲ್ಲಿ ಪಾಸ್‌ಪೋರ್ಟ್ ಸಂಖ್ಯೆ, ವೀಸಾ ಸಂಖ್ಯೆ ಹಾಕಿ ನೋಡಬಹುದು. ಏಜೆಂಟರು ಕಳಿಸಿದ ಲಿಂಕ್ ಒತ್ತಬೇಡಿ; ವಿಳಾಸವನ್ನು ನೀವೇ ಟೈಪ್ ಮಾಡಿ ತೆರೆಯಿರಿ.

ಗಲ್ಫಿಗೆ ದುಡಿಯಲು ಹೋಗುವವರು

ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಕಡೆಯವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ.

ಮೊದಲು ನಿಮ್ಮ ಪಾಸ್‌ಪೋರ್ಟ್ ನೋಡಿ. ಒಳಪುಟದಲ್ಲಿ 'ಎಮಿಗ್ರೇಷನ್ ಚೆಕ್ ರಿಕ್ವೈರ್ಡ್' ಎಂದು ಮುದ್ರಿಸಿದ್ದರೆ ಅದು ಇಸಿಆರ್ ಪಾಸ್‌ಪೋರ್ಟ್. ಅಂಥವರು 18 ದೇಶಗಳಿಗೆ ಉದ್ಯೋಗಕ್ಕೆ ಹೋಗುವ ಮೊದಲು ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಯ ಅನುಮತಿ ಪಡೆಯಲೇಬೇಕು. ಗಲ್ಫಿನ ಆರೂ ದೇಶಗಳು, ಮಲೇಷ್ಯಾ, ಥಾಯ್ಲೆಂಡ್, ಇಂಡೋನೇಷ್ಯಾ, ಜೋರ್ಡಾನ್, ಇರಾಕ್ ಎಲ್ಲ ಈ ಪಟ್ಟಿಯಲ್ಲಿವೆ. 1983ರ ವಲಸೆ ಕಾಯ್ದೆ ಇದಕ್ಕೆ ಆಧಾರ. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಈ ಅನುಮತಿ ಬೇಡ; ಅಂಕಪಟ್ಟಿ ಕೊಟ್ಟು ಅರ್ಜಿ ಹಾಕಿದರೆ ಇಸಿಆರ್ ಇಲ್ಲದ ಪಾಸ್‌ಪೋರ್ಟ್ ಸಿಗುತ್ತದೆ.

ಈ ಅನುಮತಿಯನ್ನು ಬಹಳ ಮಂದಿ ಒಂದು ಅಡ್ಡಿ ಎಂದೇ ನೋಡುತ್ತಾರೆ. ಅದು ಏನು ಮಾಡುತ್ತದೆಂದು ತಿಳಿದರೆ ಅಭಿಪ್ರಾಯ ಬದಲಾದೀತು. ನಿಮ್ಮನ್ನು ಕರೆಸಿಕೊಳ್ಳುವ ಕಂಪನಿ ಇ-ಮೈಗ್ರೇಟ್ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕಾಗುತ್ತದೆ. ಸಂಬಳ, ಕೆಲಸ, ವಸತಿ, ಅವಧಿ ಬರೆದ ಒಪ್ಪಂದವನ್ನು ಅಲ್ಲಿ ಹಾಕಬೇಕಾಗುತ್ತದೆ. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ: ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ. ಅಂದರೆ ನೀವು ಹೋದದ್ದು ಎಲ್ಲಿಗೆ, ಯಾರ ಬಳಿಗೆ, ಎಷ್ಟು ಸಂಬಳಕ್ಕೆ ಎಂಬುದಕ್ಕೆ ಭಾರತ ಸರ್ಕಾರದ ಬಳಿ ದಾಖಲೆ ಇರುತ್ತದೆ. ಎಸ್ಸೆಸ್ಸೆಲ್ಸಿ ಪಾಸಾಗಿ ಅನುಮತಿ ಬೇಡವಾದವರೂ ಇ-ಮೈಗ್ರೇಟ್‌ನಲ್ಲಿ ತಾವಾಗಿಯೇ ನೋಂದಾಯಿಸಿಕೊಳ್ಳಬಹುದು. ನೋಂದಾಯಿಸಿಕೊಳ್ಳಿ ಎಂದೇ ನನ್ನ ಸಲಹೆ.

ಲೈಸೆನ್ಸ್ ಇಲ್ಲದ ಏಜೆಂಟರು ವಿಸಿಟ್ ವೀಸಾದಲ್ಲೇ ಕಳಿಸಲು ನೋಡುವುದು ಈ ಅನುಮತಿ, ದಾಖಲೆಗಳನ್ನು ತಪ್ಪಿಸುವುದಕ್ಕೇ. ಪ್ರವಾಸಕ್ಕೆ ಹೋಗುವ ಇಸಿಆರ್ ಪಾಸ್‌ಪೋರ್ಟಿನವರಿಗೆ ಈ ಅನುಮತಿ ಬೇಡ. ಮರಳುವ ಟಿಕೆಟ್ ತೋರಿಸಿದರೆ ಸಾಕು. ಆ ಸೌಕರ್ಯವನ್ನು ಬಳಸಿ ಕೆಲಸಗಾರರನ್ನು ಪ್ರವಾಸಿಗಳೆಂದು ದಾಟಿಸುತ್ತಾರೆ. 'ಇಮಿಗ್ರೇಷನ್‌ನಲ್ಲಿ ಕೇಳಿದರೆ ತಿರುಗಾಡಲು ಹೋಗುವುದು ಅಂತ ಹೇಳು' ಎಂದು ಯಾರಾದರೂ ನಿಮಗೆ ಹೇಳಿಕೊಟ್ಟರೆ, ನಿಮ್ಮ ವೀಸಾ ನಿಮ್ಮ ಕೆಲಸದ್ದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ವಿಸಿಟ್‌ನಲ್ಲಿ ಹೋಗಿ ಕೆಲಸ ಹುಡುಕಿದವರು, ಚೆನ್ನಾಗಿಯೇ ನೆಲೆ ನಿಂತವರು ನಮ್ಮಲ್ಲಿ ಇಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ. ಯುಎಇಯಲ್ಲಿ ವಿಸಿಟ್‌ನಲ್ಲಿರುವವರು ಆಫರ್ ಸಿಕ್ಕ ಮೇಲೆ ಕಂಪನಿಯ ಮೂಲಕ ವರ್ಕ್ ಪರ್ಮಿಟ್ ಮಾಡಿಸಿ ಸ್ಥಿತಿ ಬದಲಿಸಿಕೊಳ್ಳಬಹುದು. ಸಂದರ್ಶನ ಕೊಡುವುದು ಬೇರೆ, ಕೆಲಸಕ್ಕೆ ಕೂರುವುದು ಬೇರೆ. ಪರ್ಮಿಟ್ ಬರುವ ಮೊದಲು 'ಟ್ರಯಲ್' ಎಂದು ಒಂದು ವಾರ ಅಂಗಡಿಯಲ್ಲಿ ನಿಂತರೂ ಅದು ಅಕ್ರಮ ಕೆಲಸ. ಯುಎಇ 2024ರ ಆಗಸ್ಟ್‌ನಲ್ಲಿ ಪರ್ಮಿಟ್ ಇಲ್ಲದೆ ದುಡಿಸುವ ಮಾಲೀಕರ ದಂಡವನ್ನು 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ಏರಿಸಿತು. ಪದವೀಧರರಿಗೆ, ಮೇಲ್ದರ್ಜೆಯ ಕುಶಲ ಉದ್ಯೋಗದವರಿಗೆ ಅಲ್ಲಿ 60, 90, 120 ದಿನಗಳ ಉದ್ಯೋಗಾನ್ವೇಷಣೆ ವೀಸಾ ಎಂದೇ ಪ್ರತ್ಯೇಕವಾಗಿದೆ. ಅರ್ಹತೆ ಇದ್ದವರು ಅದನ್ನೇ ಕೇಳಿ. ಇಸಿಆರ್ ಪಾಸ್‌ಪೋರ್ಟಿನವರು ಮಾತ್ರ ಈ ವಿಸಿಟ್ ದಾರಿಯನ್ನು ಹಿಡಿಯಲೇಬಾರದು. ಅದು ನಮ್ಮ ದೇಶದ ವಲಸೆ ಕಾನೂನನ್ನೇ ಮೀರಿದಂತೆ.

ಇನ್ನೊಂದು ಮೋಸ 'ಫ್ರೀ ವೀಸಾ'. ಕೆಲವರು ಆಜಾದ್ ವೀಸಾ ಎನ್ನುತ್ತಾರೆ. ಗಲ್ಫಿನ ಯಾವ ದೇಶದ ಕಾನೂನಿನಲ್ಲೂ ಹೀಗೊಂದು ವೀಸಾ ಇಲ್ಲ. ಯಾರೋ ಒಬ್ಬ ಕಫೀಲ್ ತನ್ನ ಹೆಸರಿನಲ್ಲಿ ವೀಸಾ ತೆಗೆಸಿ ಮಾರುತ್ತಾನೆ. ಹೋದವರು ಬೇರೆಲ್ಲೋ ದುಡಿದು ಅವನಿಗೆ ವರ್ಷ ವರ್ಷ ಹಣ ಕಟ್ಟಬೇಕು. ಅವನಿಗೆ ಮನಸ್ಸು ಕೆಟ್ಟ ದಿನ, ಇವನು ನನ್ನ ಬಳಿ ಕೆಲಸಕ್ಕೆ ಬರುತ್ತಿಲ್ಲ, ಓಡಿಹೋಗಿದ್ದಾನೆ ಎಂದು ದೂರು ಹಾಕುತ್ತಾನೆ. ಸೌದಿಯಲ್ಲಿ ಇದನ್ನೇ ಹುರೂಬ್ ಎನ್ನುವುದು. ಆ ಮುದ್ರೆ ಬಿದ್ದರೆ ಅಲ್ಲಿ ಇರುವುದೂ ಕಷ್ಟ, ಊರಿಗೆ ಮರಳುವುದೂ ಕಷ್ಟ. ಸ್ವಂತ ಭಾವನೇ ಕಳಿಸಿದ ವೀಸಾ ಆದರೂ ಒಂದು ಪ್ರಶ್ನೆ ಕೇಳಿ: ವೀಸಾದಲ್ಲಿರುವ ಕಂಪನಿಯಲ್ಲೇ ನನಗೆ ಕೆಲಸವೇ?

ಕುವೈತಿಗೆ ಹೋಗುವವರು ನಂಬರ್ ನೋಡಬೇಕು. 18ನೇ ನಂಬರ್ ಎಂದರೆ ಖಾಸಗಿ ಕಂಪನಿಯ ಉದ್ಯೋಗ. 20ನೇ ನಂಬರ್ ಎಂದರೆ ಮನೆಗೆಲಸ, ಮನೆಯ ಡ್ರೈವರ್, ಅಡುಗೆಯವರು. 22 ಎಂದರೆ ಕುಟುಂಬ. 20ರಲ್ಲಿ ಕರೆಸಿ 'ಹೋಟೆಲ್‌ನಲ್ಲಿ ಕೆಲಸ' ಎನ್ನುವ ಏಜೆಂಟರಿದ್ದಾರೆ. 20ರವರು ಹೋಟೆಲಿನಲ್ಲಿ ಸಿಕ್ಕಿಬಿದ್ದರೆ ಗಡೀಪಾರು. 20ರಿಂದ 18ಕ್ಕೆ ಬದಲಿಸಿಕೊಳ್ಳಲು ಕುವೈತ್ ಎಂದಾದರೊಮ್ಮೆ ಬಾಗಿಲು ತೆರೆಯುತ್ತದೆ. 2024ರ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಎರಡು ತಿಂಗಳು ಹಾಗೆ ತೆರೆದಿತ್ತು. ಅಂಥ ಅವಕಾಶವನ್ನು ನಂಬಿ ಹೊರಡಬೇಡಿ.

ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಮನೆಯವರು ಇದನ್ನು ಎರಡು ಸಲ ಓದಿ. ಇಸಿಆರ್ ಪಾಸ್‌ಪೋರ್ಟ್ ಇರುವ ಮಹಿಳೆಗೆ 30 ವರ್ಷ ತುಂಬಿರಬೇಕು, ಮನೆಗೆಲಸದ ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕು. ಖಾಸಗಿ ಏಜೆಂಟರಿಗೆ ಇಲ್ಲಿ ಜಾಗವಿಲ್ಲ. 2016ರಲ್ಲಿ ನಮ್ಮದೇ ಉಡುಪಿ ಜಿಲ್ಲೆಯ ಮಹಿಳೆಯೊಬ್ಬರಿಗೆ ಕತಾರ್‌ನಲ್ಲಿ ಕೆಲಸ ಎಂದು ಹೇಳಿದ್ದರು. ಅವರು ತಲುಪಿದ್ದು ಸೌದಿಯ ಒಂದು ಮನೆಗೆ. ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನುಭಾಗರು ಬೆನ್ನು ಹತ್ತಿ, ರಾಯಭಾರ ಕಚೇರಿ, ಸರ್ಕಾರಗಳನ್ನೆಲ್ಲ ಎಚ್ಚರಿಸಿ, ಆ ಮಹಿಳೆ ಊರಿಗೆ ಮರಳುವಾಗ 2017ರ ಸೆಪ್ಟೆಂಬರ್ ಆಗಿತ್ತು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಆ ತಾಯಿ ಅನುಭವಿಸಿದ್ದು ಎಷ್ಟೋ. ಹೇಳಿದ ದೇಶ ಒಂದು, ವೀಸಾದ ಮೇಲಿನ ದೇಶ ಇನ್ನೊಂದು ಆಗಿದ್ದರೆ, ಟಿಕೆಟ್ ಕೈಗೆ ಬಂದಿದ್ದರೂ ಸರಿ, ಮನೆಯಿಂದ ಹೊರಡಬೇಡಿ.

ಹಣದ ಲೆಕ್ಕ

ಭಾರತದಲ್ಲಿ ಲೈಸೆನ್ಸ್ ಇರುವ ನೇಮಕಾತಿ ಏಜೆಂಟರು ಕೆಲಸಗಾರರಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲೆ ಜಿಎಸ್‌ಟಿ. ಯುಎಇಯ ಕಾರ್ಮಿಕ ಕಾನೂನಿನಂತೆ ನೇಮಕಾತಿಯ ಖರ್ಚನ್ನು ಮಾಲೀಕರು ಕೊಡಬೇಕು, ಕೆಲಸಗಾರನ ಮೇಲೆ ಹಾಕುವಂತಿಲ್ಲ. ಹಾಗಿರುವಾಗ ಒಂದು ಲಕ್ಷ, ಒಂದೂವರೆ ಲಕ್ಷ ಕೊಟ್ಟು 'ವೀಸಾ ತೆಗೆದೆವು' ಎಂದು ನಮ್ಮವರು ಹೇಳುವಾಗ ಬೇಸರವಾಗುತ್ತದೆ. ಅದಕ್ಕಾಗಿ ಅಡವಿಟ್ಟದ್ದು ಅಮ್ಮನ ಬಳೆ.

ಏಜೆಂಟರ ಲೈಸೆನ್ಸ್ ಸಂಖ್ಯೆಯನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಹಾಕಿ ನೋಡಿ. ಅನಧಿಕೃತ ಏಜೆಂಟರ ಪಟ್ಟಿಯೂ ಅಲ್ಲೇ ಇದೆ. ಟ್ರಾವೆಲ್ಸ್ ಅಂಗಡಿಗೆ ಟಿಕೆಟ್ ಮಾರುವ ಪರವಾನಗಿ ಇರಬಹುದು. ಜನರನ್ನು ಕೆಲಸಕ್ಕೆ ಕಳಿಸುವ ಪರವಾನಗಿ ಅದಲ್ಲ. ಹಣವನ್ನು ಸಂಸ್ಥೆಯ ಬ್ಯಾಂಕ್ ಖಾತೆಗೇ ಹಾಕಿ ರಸೀದಿ ಪಡೆಯಿರಿ. ಯಾರದ್ದೋ ಸ್ವಂತ ಯುಪಿಐಗೆ ಹಾಕಿದರೆ ನಾಳೆ ಪೊಲೀಸರ ಮುಂದೆ ಅದು ಕೈಸಾಲ ಎಂದು ವಾದಿಸುತ್ತಾರೆ.

ಹಣ ಕೊಡುವುದಕ್ಕೆ ಮೊದಲು ಮೆಡಿಕಲ್ ವಿಷಯ ಯೋಚಿಸಿ. ಗಲ್ಫಿಗೆ ಹೋಗುವವರ ಆರೋಗ್ಯ ತಪಾಸಣೆ, ನಾವು ಹಿಂದಿನಿಂದ ಗಾಮ್ಕಾ ಎನ್ನುತ್ತಿದ್ದದ್ದು, ಈಗ ವಾಫಿದ್ ಎಂಬ ವ್ಯವಸ್ಥೆಯಲ್ಲಿ ನಡೆಯುತ್ತದೆ. ಎಂದೋ ಬಂದು ಗುಣವಾದ ಕ್ಷಯದ ಗುರುತು ಎಕ್ಸ್‌ರೇಯಲ್ಲಿ ಕಂಡರೂ 'ಅನ್‌ಫಿಟ್' ಆಗುವುದುಂಟು. ಹಿಂದೆ ಎದೆಯ ಕಾಯಿಲೆ ಆದವರು ಸಾಲ ಮಾಡುವ ಮುನ್ನ ಉಡುಪಿಯಲ್ಲೋ ಮಣಿಪಾಲದಲ್ಲೋ ಒಂದು ಎಕ್ಸ್‌ರೇ ತೆಗೆಸಿ ವೈದ್ಯರನ್ನು ಕೇಳಿಕೊಳ್ಳಿ.

ಸರ್ಟಿಫಿಕೇಟ್ ದೃಢೀಕರಣದಲ್ಲೂ ದೇಶದಿಂದ ದೇಶಕ್ಕೆ ವ್ಯತ್ಯಾಸ. ಸೌದಿ, ಒಮಾನ್, ಬಹರೈನ್‌ಗಳಿಗೆ ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ನಡೆಯುತ್ತದೆ. ಯುಎಇ, ಕುವೈತ್, ಕತಾರ್‌ಗಳು ಅಪೊಸ್ಟಿಲ್ ಒಪ್ಪಂದದಲ್ಲಿಲ್ಲ. ಅವಕ್ಕೆ ಆಯಾ ರಾಯಭಾರ ಕಚೇರಿಯ ಮುದ್ರೆ ಬೇಕು. ಯಾವ ದೇಶ ಎಂದು ಖಚಿತವಾಗುವ ಮೊದಲು ದೃಢೀಕರಣಕ್ಕೆ ಹಣ ಸುರಿಯಬೇಡಿ.

ನರ್ಸ್‌ಗಳು, ಹಡಗಿನವರು

ಮಣಿಪಾಲ, ಉಡುಪಿಯಲ್ಲಿ ನರ್ಸಿಂಗ್ ಓದಿದವರಿಗೆ ಗಲ್ಫ್ ಹಳೆಯ ದಾರಿ. 2015ರಿಂದ ನಿಯಮ ಬದಲಾಗಿದೆ: ಇಸಿಆರ್ ಇಲ್ಲದ ಪಾಸ್‌ಪೋರ್ಟ್ ಇದ್ದರೂ ಆ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ ವಲಸೆ ಅನುಮತಿ ಬೇಕು. ಕರ್ನಾಟಕದಲ್ಲಿ ಕೌಶಲ್ಯ ಅಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವನ್ನು ಮೊದಲು ವಿಚಾರಿಸಿ. ಡೇಟಾಫ್ಲೋ ಎಂಬ ಸರ್ಟಿಫಿಕೇಟ್ ಪರಿಶೀಲನೆ, ಲೈಸೆನ್ಸ್ ಪರೀಕ್ಷೆ ಮುಗಿಯದೆ 'ವಿಸಿಟ್‌ನಲ್ಲಿ ಬನ್ನಿ, ಅಲ್ಲೇ ಬರೆಯಿಸುತ್ತೇವೆ' ಎನ್ನುವ ಕ್ಲಿನಿಕ್‌ಗಳಿಗೆ ಒಪ್ಪಬೇಡಿ. ಲೈಸೆನ್ಸ್ ಬರುವವರೆಗೆ ನಿಮ್ಮನ್ನು ಆಯಾ ಎಂದು ದುಡಿಸಿಕೊಳ್ಳುತ್ತಾರೆ.

ಕಡಲ ತೀರದ ಹುಡುಗರಲ್ಲಿ ಹಡಗಿಗೆ ಹೋಗುವವರು ಅನೇಕರು. ಹಡಗಿನ ಕೆಲಸಕ್ಕೆ ಸಿಡಿಸಿ ಪುಸ್ತಕ, ಇಂಡೋಸ್ ಸಂಖ್ಯೆ, ಅಮೆರಿಕದ ಬಂದರು ಮುಟ್ಟುವ ಹಡಗಾದರೆ ಸಿ-1/ಡಿ ವೀಸಾ ಬೇಕಾಗುತ್ತದೆ. ಏಜೆನ್ಸಿಗೆ ಡಿಜಿ ಶಿಪ್ಪಿಂಗ್ ಕೊಡುವ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಲೇಬೇಕು, ಕೆಲಸ ಕೊಡಿಸಲು ನಾವಿಕರಿಂದ ಹಣ ತೆಗೆದುಕೊಳ್ಳುವಂತೆಯೇ ಇಲ್ಲ. ವಿಸಿಟ್ ವೀಸಾದಲ್ಲಿ ಯಾವುದೋ ಬಂದರಿಗೆ ಹೋಗಿ ಅಲ್ಲಿ ಹಡಗು ಹತ್ತು ಎಂದರೆ, ಹತ್ತುವ ಹಡಗಿನ ಹೆಸರು ಮತ್ತು ಐಎಂಒ ಸಂಖ್ಯೆ ಕೇಳಿ. ಅದನ್ನು ಕೊಡದವರ ಜೊತೆ ಮಾತು ಮುಂದುವರಿಸುವುದು ಬೇಡ.

ಥಾಯ್ಲೆಂಡಿನ 'ಡೇಟಾ ಎಂಟ್ರಿ'

ಕಂಪ್ಯೂಟರ್ ಬಲ್ಲ ಹುಡುಗ ಹುಡುಗಿಯರಿಗೆ ಬ್ಯಾಂಕಾಕ್‌ನಲ್ಲಿ ಡೇಟಾ ಎಂಟ್ರಿ, ಕಸ್ಟಮರ್ ಕೇರ್ ಎಂದು ಟೆಲಿಗ್ರಾಂನಲ್ಲಿ ಕರೆ ಬರುತ್ತದೆ. ಭಾರತೀಯರು ಪ್ರವಾಸಕ್ಕೆ ವೀಸಾ ಇಲ್ಲದೆ ಹೋಗಬಹುದಾದ ದೇಶ ಅದು, ಹಾಗಾಗಿ ಕಾಗದದ ಕಿರಿಕಿರಿಯೇ ಇಲ್ಲ ಎನ್ನಿಸುತ್ತದೆ. ಅಲ್ಲಿಂದ ಕಾರಿನಲ್ಲಿ ಗಡಿಗೆ, ಗಡಿ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆಯ ಕೋಟೆಗಳಿಗೆ. ಕಾಂಬೋಡಿಯಾ, ಲಾವೋಸ್‌ಗಳಲ್ಲೂ ಇದೇ. ನಮ್ಮ ವಿದೇಶಾಂಗ ಸಚಿವಾಲಯ 2022ರಿಂದ ಎಚ್ಚರಿಸುತ್ತಾ ಬಂದಿದೆ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ಥಾಯ್ಲೆಂಡ್ ಮೂಲಕ ಐನೂರಕ್ಕೂ ಹೆಚ್ಚು ಭಾರತೀಯರನ್ನು ಕರೆತಂದವು. ವೀಸಾ ಬೇಡದ ಪ್ರವೇಶ ತಿರುಗಾಟಕ್ಕೆ ಮಾತ್ರ. ಉದ್ಯೋಗಕ್ಕೆ ಥಾಯ್ಲೆಂಡಿನಲ್ಲೂ ವೀಸಾ, ವರ್ಕ್ ಪರ್ಮಿಟ್ ಎರಡೂ ಬೇಕು.

ಓದಲು ಹೋಗುವವರು

ವಿದ್ಯಾರ್ಥಿ ವೀಸಾ ಕೊಡುವವರು ನೋಡುವುದು ಎರಡನ್ನು: ನೀವು ನಿಜಕ್ಕೂ ಓದುತ್ತೀರಾ, ದುಡಿಯದೆಯೂ ಓದು ಮುಗಿಸುವಷ್ಟು ಹಣ ಇದೆಯಾ. 'ಪಾರ್ಟ್ ಟೈಮ್ ಮಾಡಿ ಫೀಸ್ ಕಟ್ಟುತ್ತಾನೆ' ಎಂಬ ಲೆಕ್ಕ ಇಟ್ಟುಕೊಂಡ ತಂದೆತಾಯಿ ಈ ಎರಡನೆಯದನ್ನು ಗಮನಿಸಬೇಕು. ಕೆನಡಾ 2025ರ ಸೆಪ್ಟೆಂಬರ್‌ನಿಂದ ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಜೀವನವೆಚ್ಚಕ್ಕೆ, ಫೀಸು ಬಿಟ್ಟು, 22,895 ಕೆನಡಾ ಡಾಲರ್ ತೋರಿಸಿ ಎನ್ನುತ್ತದೆ. ಜರ್ಮನಿಯ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು, ಜೊತೆಗೆ 2022ರ ನವೆಂಬರ್‌ನಿಂದ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯ.

ಬ್ರಿಟನ್‌ಗೆ ಸ್ನಾತಕೋತ್ತರ ಓದಲು ಹೋಗುವ, ಮದುವೆಯಾದವರಿಗೆ ಒಂದು ಮಾತು. 2024ರ ಜನವರಿಯಿಂದ, ಸಂಶೋಧನಾ ಕೋರ್ಸ್‌ಗಳನ್ನು ಬಿಟ್ಟು, ಸಾಮಾನ್ಯ ಎಂ.ಎಸ್ಸಿ., ಎಂ.ಬಿ.ಎ. ವಿದ್ಯಾರ್ಥಿಗಳು ಗಂಡನನ್ನೋ ಹೆಂಡತಿಯನ್ನೋ ಅವಲಂಬಿತರಾಗಿ ಕರೆದೊಯ್ಯುವಂತಿಲ್ಲ. ಮದುವೆಯ ಮಾತುಕತೆಯಲ್ಲಿ 'ಹುಡುಗಿ ಓದಲು ಹೋದರೆ ಹುಡುಗನೂ ಹೋಗಬಹುದು' ಎಂಬುದು ಈಗ ಸುಳ್ಳು.

ಓದುವ ಆಸೆ ಇಲ್ಲ, ಜರ್ಮನಿಯಲ್ಲಿ ಕೆಲಸ ಹುಡುಕುವುದೇ ಉದ್ದೇಶ ಎಂದಾದರೆ ವಿದ್ಯಾರ್ಥಿ ವೀಸಾದ ಹಿಂದೆ ಬೀಳಬೇಡಿ. ಅದಕ್ಕೆಂದೇ 2024ರ ಜೂನ್‌ನಿಂದ ಚಾನ್ಸೆನ್‌ಕಾರ್ಟೆ ಎಂಬ ಅವಕಾಶ ಪತ್ರ ಇದೆ: ವಿದ್ಯೆ, ಅನುಭವ, ಭಾಷೆ, ವಯಸ್ಸುಗಳಿಗೆ ಅಂಕ, ಆರು ಅಂಕ ಬಂದರೆ ಹೋಗಿ ಒಂದು ವರ್ಷದವರೆಗೆ ಹುಡುಕಬಹುದು, ವಾರಕ್ಕೆ 20 ಗಂಟೆ ದುಡಿಯಬಹುದು. ಜರ್ಮನ್ ಕಲಿಯುವುದಕ್ಕೆ ಖರ್ಚು ಮಾಡಿದ ಹಣ ಕನ್ಸಲ್ಟೆಂಟ್‌ಗೆ ಕೊಟ್ಟ ಹಣಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಬಾಣಂತನಕ್ಕೆ ಹೋಗುವ ಅಮ್ಮಂದಿರು

ಮಗಳು ಅಮೆರಿಕದಲ್ಲಿ, ಹೆರಿಗೆ ಹತ್ತಿರ. ಅಮ್ಮ ಹೋಗಬೇಕು. ಬೇಕಾದದ್ದು ಬಿ-1/ಬಿ-2 ಸಂದರ್ಶಕ ವೀಸಾ, ಅರ್ಜಿ ಶುಲ್ಕ 185 ಡಾಲರ್. ಚೆನ್ನೈ, ಹೈದರಾಬಾದ್, ಮುಂಬೈ ಕಾನ್ಸುಲೇಟ್‌ಗಳಲ್ಲಿ ಸಂದರ್ಶನ. ದಿನಾಂಕ ಸಿಗಲು ತಿಂಗಳುಗಟ್ಟಲೆ ಹಿಡಿಯಬಹುದಾದ್ದರಿಂದ ಸೀಮಂತ ಮುಗಿಯಲಿ ಎಂದು ಕಾಯಬೇಡಿ.

ಸಂದರ್ಶನದಲ್ಲಿ 'ಯಾಕೆ ಹೋಗುತ್ತಿದ್ದೀರಿ' ಎಂದರೆ ಎಷ್ಟೋ ಅಮ್ಮಂದಿರು ಹೆದರಿ ನಯಾಗರಾ ನೋಡಲು ಎನ್ನುತ್ತಾರೆ. ಬೇಡ. ಮಗಳ ಹೆರಿಗೆ, ಅವಳ ಜೊತೆ ಇದ್ದು ಬರುತ್ತೇನೆ ಎಂದು ಇದ್ದದ್ದನ್ನೇ ಹೇಳಿ. ಮನೆಯವರನ್ನು ನೋಡಲು ಹೋಗುವುದು ಆ ವೀಸಾದ ಉದ್ದೇಶದೊಳಗೇ ಇದೆ. ಸಂಬಳಕ್ಕೆ ಬೇರೆಯವರ ಮಗುವನ್ನು ನೋಡಿಕೊಳ್ಳುವುದು ಮಾತ್ರ ಇಲ್ಲ. ಅಧಿಕಾರಿಗೆ ಬೇಕಾದ ಇನ್ನೊಂದು ಖಾತ್ರಿ ನೀವು ಮರಳುತ್ತೀರಿ ಎಂಬುದು: ಇಲ್ಲಿ ಮನೆ, ಗದ್ದೆ ತೋಟ, ಯಜಮಾನರು, ಪಿಂಚಣಿ. ಸಂದರ್ಶನಕ್ಕೆ ಕನ್ನಡದಲ್ಲೇ ಉತ್ತರಿಸುತ್ತೇನೆ ಎಂದರೂ ತಪ್ಪಿಲ್ಲ, ಅರ್ಜಿಯಲ್ಲಿ ಬರೆದದ್ದಕ್ಕೂ ಹೇಳಿದ್ದಕ್ಕೂ ತಾಳೆ ಇರಬೇಕು ಅಷ್ಟೆ.

ವೀಸಾ ಹತ್ತು ವರ್ಷಕ್ಕೆ ಸಿಕ್ಕಿತೆಂದು ಹತ್ತು ವರ್ಷ ಇರಲು ಬಿಡುವುದಿಲ್ಲ. ಇಳಿದಾಗ ಅಧಿಕಾರಿ ಐ-94 ದಾಖಲೆಯಲ್ಲಿ ಬರೆಯುವ ದಿನಾಂಕವೇ ಕೊನೆ, ಸಾಮಾನ್ಯವಾಗಿ ಆರು ತಿಂಗಳು. ಇಳಿದ ವಾರವೇ ಮಗಳ ಹತ್ತಿರ ಅದನ್ನು ಆನ್‌ಲೈನ್‌ನಲ್ಲಿ ತೆರೆಸಿ ನೋಡಿ. ಬಿಪಿ, ಸಕ್ಕರೆ ಕಾಯಿಲೆ ಇರುವವರು ಹಳೆಯ ಕಾಯಿಲೆಯನ್ನೂ ಒಳಗೊಳ್ಳುವ ಪ್ರಯಾಣ ವಿಮೆ ಇಲ್ಲದೆ ವಿಮಾನ ಹತ್ತಬೇಡಿ.

ಮಕ್ಕಳು ಕೆನಡಾದಲ್ಲಿ ಪೌರರೋ ಖಾಯಂ ನಿವಾಸಿಗಳೋ ಆಗಿದ್ದರೆ ಸಾಮಾನ್ಯ ಸಂದರ್ಶಕ ವೀಸಾ ಬಿಟ್ಟು ಸೂಪರ್ ವೀಸಾ ವಿಚಾರಿಸಿ. ಒಂದು ಸಲ ಹೋದರೆ ಐದು ವರ್ಷದವರೆಗೆ ಇರಬಹುದು. ಕನಿಷ್ಠ 1 ಲಕ್ಷ ಕೆನಡಾ ಡಾಲರ್ ಮೊತ್ತದ ಆರೋಗ್ಯ ವಿಮೆ ಕಡ್ಡಾಯ.

ಯುರೋಪ್ ತಿರುಗಾಟ

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾವನ್ನು ಹೆಚ್ಚು ದಿನ ತಂಗುವ ದೇಶದ ಮೂಲಕ ಕೇಳಬೇಕು. ದಿನಗಳು ಸಮವಾಗಿದ್ದರೆ ಮೊದಲು ಇಳಿಯುವ ದೇಶ. ಬೇಗ ಕೊಡುತ್ತಾರೆಂದು ಒಂದು ದೇಶದಲ್ಲಿ ತೆಗೆದು ಇನ್ನೊಂದರಲ್ಲಿ ಕಳೆದರೆ ಮುಂದಿನ ಅರ್ಜಿಗೆ ಪೆಟ್ಟು. ಶುಲ್ಕ 90 ಯೂರೋ, ವಿಮೆ ಕನಿಷ್ಠ 30,000 ಯೂರೋ, ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ 15 ದಿನ ಮೊದಲಿನವರೆಗೆ ಅರ್ಜಿ. ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. 2025ರ ಅಕ್ಟೋಬರ್‌ನಿಂದ ಬೆರಳಚ್ಚು ಸಮೇತ ಒಳಬಂದ, ಹೊರಹೋದ ದಿನಗಳನ್ನು ಕಂಪ್ಯೂಟರ್ ಎಣಿಸುತ್ತಿದೆ.

ಪದೇ ಪದೇ ಆಗುವ ತಪ್ಪುಗಳು

ವೀಸಾ ಬರುವ ಮೊದಲೇ ಊರಿನ ಕೆಲಸ ಬಿಡುವುದು. ಹಿಂದೆ ಒಮ್ಮೆ ವೀಸಾ ನಿರಾಕರಣೆ ಆಗಿದ್ದನ್ನು ಅರ್ಜಿಯಲ್ಲಿ ಮುಚ್ಚಿಡುವುದು. ನಿರಾಕರಣೆಯನ್ನು ಕ್ಷಮಿಸುತ್ತಾರೆ, ಸುಳ್ಳನ್ನು ಕ್ಷಮಿಸುವುದಿಲ್ಲ. ಬ್ಯಾಂಕ್ ಖಾತೆಗೆ ಅರ್ಜಿಯ ಹಿಂದಿನ ವಾರ ಸಾಲದ ಹಣ ತುಂಬುವುದು. ಆರು ತಿಂಗಳಿಗಿಂತ ಕಡಿಮೆ ಅವಧಿ ಉಳಿದ ಪಾಸ್‌ಪೋರ್ಟಿನಲ್ಲಿ ಟಿಕೆಟ್ ತೆಗೆಯುವುದು. ಅರೇಬಿಕ್‌ನಲ್ಲಿರುವ ಒಪ್ಪಂದಕ್ಕೆ ಓದದೆ ಸಹಿ ಮಾಡುವುದು. ಕೊನೆಯದಾಗಿ, ಸಂಕೋಚ. ಏಜೆಂಟರು ಊರಿನವರೇ, ದೇವಸ್ಥಾನದಲ್ಲಿ ದಿನಾ ಸಿಗುವವರು, ಅವರಲ್ಲಿ ಲೈಸೆನ್ಸ್ ಕೇಳುವುದು ಹೇಗೆ ಎಂಬ ಸಂಕೋಚ. ಈ ದಾಕ್ಷಿಣ್ಯದಿಂದ ಕೆಟ್ಟ ಮನೆಗಳು ನಮ್ಮ ಸುತ್ತಮುತ್ತಲೇ ಇವೆ. ಸರಿಯಾಗಿ ಕೆಲಸ ಮಾಡುವ ಏಜೆಂಟರು ಕೇಳುವ ಮೊದಲೇ ತೋರಿಸುತ್ತಾರೆ.

ತಪ್ಪು ವೀಸಾದಲ್ಲಿ ಈಗಾಗಲೇ ಹೋಗಿಬಿಟ್ಟಿದ್ದರೆ

ಅಡಗಿಕೊಂಡು ದುಡಿಯುತ್ತ ಹೋದಷ್ಟೂ ದಂಡ ಬೆಳೆಯುತ್ತದೆ. ಆ ದೇಶದ ಭಾರತೀಯ ರಾಯಭಾರ ಕಚೇರಿಗೆ ಹೋದರೆ ನಿಮ್ಮನ್ನು ಪೊಲೀಸರಿಗೆ ಹಿಡಿದುಕೊಡುತ್ತಾರೆಂಬ ಭಯ ಬೇಡ, ಅವರಿರುವುದೇ ನಿಮಗಾಗಿ. ಪಾಸ್‌ಪೋರ್ಟ್ ಮಾಲೀಕರ ಬಳಿ ಇದ್ದರೂ ಹೋಗಬಹುದು. ಕ್ಷಮಾದಾನದ ಅವಧಿ ಘೋಷಣೆಯಾಗುವುದನ್ನು ಗಮನಿಸುತ್ತಿರಿ. ಯುಎಇ 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ದಂಡವಿಲ್ಲದೆ ಮರಳಲು ಬಿಟ್ಟಿತ್ತು.

ಊರಲ್ಲಿರುವ ಮನೆಯವರು ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಬಹುದು, ಭಾರತದೊಳಗಿಂದ 1800 11 3090ಕ್ಕೆ ಉಚಿತವಾಗಿ ಕರೆ ಮಾಡಬಹುದು. ಯುಎಇಯಲ್ಲಿ ಇರುವವರಿಗೆ 800 46342. ಬೆಂಗಳೂರಿನಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ. ಏಜೆಂಟರ ಮೇಲೆ ನಿಮ್ಮ ಠಾಣೆಯಲ್ಲೇ ದೂರು ಕೊಡಿ. ಎಲ್ಲ ಕಡೆಯೂ ಕೇಳುವುದು ಇವನ್ನೇ: ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ ಪುಟ, ಆಫರ್ ಲೆಟರ್, ಹಣ ಕಟ್ಟಿದ ರಸೀದಿ, ಏಜೆಂಟರ ಜೊತೆಗಿನ ವಾಟ್ಸ್‌ಆ್ಯಪ್ ಸಂದೇಶಗಳು, ಕೆಲಸ ಮಾಡುವ ಜಾಗದ ಲೊಕೇಷನ್. ಹೊರಡುವ ಮುನ್ನವೇ ಇವುಗಳ ಒಂದು ಪ್ರತಿ ಕಾಗದದಲ್ಲಿ ತೆಗೆದು ಮನೆಯಲ್ಲಿ ಅಮ್ಮನ ಕೈಗೆ ಕೊಡಿ, ಇನ್ನೊಂದನ್ನು ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ. ಲೊಕೇಷನ್ ಮಾತ್ರ ತಲುಪಿದ ದಿನವೇ ಕಳಿಸಿ, ಜಾಗ ಬದಲಾದಾಗಲೆಲ್ಲ ಮತ್ತೆ ಕಳಿಸಿ.